ಫೋನಿನಲ್ಲಿ ಕೌನ್ಸೆಲಿಂಗ್ ಆಗುತ್ತಾ? ಆಗುತ್ತೆ, ಬಾಗಿಲು ಹಾಕಿಕೊಳ್ಳಲು ಬಿಟ್ಟರೆ

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಫಸ್ಟ್ ಪಿಯುಸಿ, ಸೈನ್ಸ್. ನಮ್ಮದು ಕೊಪ್ಪದ ಹತ್ತಿರ ಅಡಿಕೆ ತೋಟದ ಮನೆ. ಮೂರ್ನಾಲ್ಕು ತಿಂಗಳಿನಿಂದ ಅವಳು ಮೊದಲಿನ ಹಾಗಿಲ್ಲ. ಮಾತೆತ್ತಿದರೆ ಸಿಡುಕುತ್ತಾಳೆ. ರಾತ್ರಿ ಎರಡು ಗಂಟೆಯವರೆಗೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 94 ಪರ್ಸೆಂಟ್ ತೆಗೆದವಳು ಈಗ ಪುಸ್ತಕ ಮುಟ್ಟುತ್ತಿಲ್ಲ. ಶಿವಮೊಗ್ಗದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಡಿಪ್ರೆಶನ್ ಇದೆ, ತೀರಾ ಜಾಸ್ತಿ ಏನಲ್ಲ, ಸದ್ಯಕ್ಕೆ ಮಾತ್ರೆ ಬೇಡ, ವಾರಕ್ಕೊಮ್ಮೆ ಕೌನ್ಸೆಲಿಂಗ್ ಮಾಡಿಸಿ, ಆರು ವಾರ ಬಿಟ್ಟು ಕರೆದುಕೊಂಡು ಬನ್ನಿ ಎಂದರು. ವಾರ ವಾರ ಅಷ್ಟು ದೂರ ಹೋಗಿಬರುವುದು ನಮ್ಮಿಂದ ಆಗುವ ಮಾತಲ್ಲ. ಅಡಿಕೆಯ ಕೊನೆಕೊಯ್ಲು ಶುರುವಾಗಿದೆ, ಅವಳಿಗೆ ಕಾಲೇಜಿನ ಹಾಜರಿಯೂ ಬೇಕು. ಆನ್‌ಲೈನ್‌ನಲ್ಲಿ ಮಾಡಿಸಿ ಅಂತ ನನ್ನ ತಮ್ಮ ಹೇಳುತ್ತಾನೆ. ನಮ್ಮ ಯಜಮಾನರು "ಫೋನಿಂದಲೇ ಹಾಳಾದವಳಿಗೆ ಫೋನಲ್ಲೇ ಔಷಧಿಯಾ?" ಎನ್ನುತ್ತಾರೆ. ಇದು ನಿಜಕ್ಕೂ ಕೆಲಸ ಮಾಡುತ್ತಾ? ಎಂಥವರ ಹತ್ತಿರ ಮಾಡಿಸಬೇಕು? ಅವಳು ಮಾತಾಡುವಾಗ ನಾನು ಪಕ್ಕದಲ್ಲಿ ಕೂರಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೂರಬೇಡಿ.

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿ. ನಿಮ್ಮ ಮಗಳ ವಯಸ್ಸಿನವಳೇ. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಸಿಗುತ್ತಿದ್ದಳು. ಮೂರು ವಾರ ಏನು ಕೇಳಿದರೂ "ಚೆನ್ನಾಗಿದೀನಿ ಮೇಡಂ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ನಾಲ್ಕನೇ ವಾರ, ಬಾಯಲ್ಲಿ "ಕಾಲೇಜಲ್ಲಿ ಏನೂ ತೊಂದ್ರೆ ಇಲ್ಲ" ಎನ್ನುತ್ತಲೇ ಕೆಳಗಿನ ಚಾಟ್‌ನಲ್ಲಿ ಟೈಪ್ ಮಾಡಿದಳು: "ಅಮ್ಮ ಬಾಗಿಲ ಹಿಂದೆ ಇದಾರೆ." ಅವರಮ್ಮ ಕೆಟ್ಟವರಲ್ಲ. ಮಗಳಿಗೆ ಏನಾಗಿದೆಯೋ ಅಂತ ಒದ್ದಾಡುತ್ತಿದ್ದರು, ಅಷ್ಟೇ. ಅವರಿಗೆ ಫೋನ್ ಮಾಡಿ, ಆ ಮುಕ್ಕಾಲು ಗಂಟೆ ಹಿತ್ತಲಲ್ಲಿ ಏನಾದರೂ ಕೆಲಸ ಇಟ್ಟುಕೊಳ್ಳಿ ಎಂದೆ. ಮರುವಾರದಿಂದ ಬಟ್ಟೆ ಒಗೆಯಲು ಹೋದರು. ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ನನಗೂ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು. ಸದ್ದು ಬರುತ್ತಿರುವಷ್ಟು ಹೊತ್ತು ಅಮ್ಮ ಬಾಗಿಲ ಹತ್ತಿರ ಇಲ್ಲ ಅಂತ ಅವಳಿಗೆ ಖಾತ್ರಿ. ಮಾತು ಶುರುವಾದದ್ದು ಆಮೇಲೆ.

ಆನ್‌ಲೈನ್ ಕೌನ್ಸೆಲಿಂಗ್ ನಡೆಯದೇ ಇರುವುದಕ್ಕೆ ನೆಟ್‌ವರ್ಕ್ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಹಾಗೆ ಅದಕ್ಕಿಂತ ದೊಡ್ಡ ಕಾರಣ ಮನೆಯವರ ಕಿವಿ. ಆಸ್ಪತ್ರೆಗೆ ಬಂದರೆ ನನ್ನ ಕೋಣೆಗೆ ಬಾಗಿಲಿರುತ್ತದೆ, ಹಾಕಿಕೊಳ್ಳುತ್ತೇವೆ. ಮನೆಯಲ್ಲಿ ಆ ಬಾಗಿಲು ನಿಮ್ಮ ಕೈಯಲ್ಲಿದೆ.

ಹಾಗಂತ ನೀವು ಪೂರ್ತಿ ಹೊರಗೇ ಇರಬೇಕು ಅಂತಲ್ಲ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್‌ಗೆ ನಿಯಮ ತಂದಿತು. ಅಪ್ರಾಪ್ತ ವಯಸ್ಸಿನ ಮಗುವನ್ನು ಡಾಕ್ಟರ್ ಫೋನಿನಲ್ಲೋ ವಿಡಿಯೊದಲ್ಲೋ ನೋಡುವುದಾದರೆ ಜೊತೆಗೆ ದೊಡ್ಡವರೊಬ್ಬರು ಇರಬೇಕು, ಅವರು ಯಾರು ಎಂದು ಡಾಕ್ಟರ್ ಖಚಿತ ಮಾಡಿಕೊಳ್ಳಬೇಕು ಎಂದು ಅದರಲ್ಲಿದೆ. ನಾವು ಸೈಕಾಲಜಿಸ್ಟ್‌ಗಳೂ ಅದೇ ಪದ್ಧತಿ ಇಟ್ಟುಕೊಂಡಿದ್ದೇವೆ. ಮೊದಲ ದಿನ ಹತ್ತು ಹದಿನೈದು ನಿಮಿಷ ನೀವು, ಸಾಧ್ಯವಾದರೆ ನಿಮ್ಮ ಯಜಮಾನರೂ, ಮಗಳ ಜೊತೆ ಕೂತು ಮಾತಾಡಿ. ಆಮೇಲೆ ಎದ್ದು ಹೋಗಿ. ಮನೆಯಲ್ಲಿರಿ, ಕರೆದರೆ ಕೇಳುವಷ್ಟು ದೂರದಲ್ಲಿರಿ, ಮಾತು ಕೇಳಿಸುವಷ್ಟು ಹತ್ತಿರ ಬೇಡ. ಏನು ಗುಟ್ಟಾಗಿರುತ್ತದೆ, ಏನನ್ನು ನಿಮಗೆ ಹೇಳಲೇಬೇಕಾಗುತ್ತದೆ ಎನ್ನುವುದನ್ನು ಮೊದಲ ದಿನವೇ ಮೂವರ ಎದುರು ತೀರ್ಮಾನ ಮಾಡಿಕೊಳ್ಳಬೇಕು. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ, ಯಾರೋ ಅವಳಿಗೆ ಹಿಂಸೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ಹೇಳುತ್ತೇವೆ. ಕ್ಲಾಸಿನಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಯಾವ ಹುಡುಗನ ಮೆಸೇಜಿಗೆ ಕಾಯುತ್ತಾಳೆ ಅನ್ನುವುದನ್ನು ಹೇಳುವುದಿಲ್ಲ. ಕಾಲ್ ಮುಗಿದ ಕೂಡಲೇ "ಏನಂದ್ರು? ನೀನೇನಂದೆ?" ಅಂತ ಕೇಳಲು ನಾಲಿಗೆ ತುರಿಸುತ್ತದೆ, ನನಗೆ ಗೊತ್ತು. ಕಾಫಿ ಕೊಟ್ಟು ಸುಮ್ಮನಿರಿ.

ಈಗ ಯಜಮಾನರ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ಹುರುಳಿಲ್ಲದೇ ಇಲ್ಲ. ರಾತ್ರಿ ಎರಡರವರೆಗೆ ರೀಲ್ಸ್ ನೋಡುತ್ತಿದ್ದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸು ಇನ್ನೂ ಮಂಕಾಗುತ್ತದೆ. ಆದರೆ ಎಷ್ಟೋ ಮಕ್ಕಳಲ್ಲಿ ಇದು ಉಲ್ಟಾ. ಮನಸ್ಸು ಸರಿಯಿಲ್ಲ, ನಿದ್ದೆ ಬರುತ್ತಿಲ್ಲ, ಕತ್ತಲಲ್ಲಿ ತನ್ನ ಯೋಚನೆಗಳ ಜೊತೆ ಒಬ್ಬಳೇ ಬಿದ್ದಿರಲು ಭಯ, ಅದಕ್ಕೆ ಫೋನ್. ನಿಮ್ಮ ಮಗಳದ್ದು ಯಾವುದು ಅಂತ ಇಲ್ಲಿ ಕೂತು ನಾನು ಹೇಳಲಾರೆ. ಅವಳ ಜೊತೆ ಮಾತಾಡುವವರು ಅದನ್ನು ಮೊದಲೆರಡು ವಾರದಲ್ಲೇ ಕೇಳುತ್ತಾರೆ.

2020ರವರೆಗೆ ನನಗೂ ಇದರಲ್ಲಿ ನಂಬಿಕೆ ಇರಲಿಲ್ಲ. ಎದುರಿಗೆ ಕೂರದೆ ಮಗುವಿನ ಮನಸ್ಸು ಹೇಗೆ ತಿಳಿಯುತ್ತೆ ಎನ್ನುತ್ತಿದ್ದೆ. ಲಾಕ್‌ಡೌನ್ ಬಂತು, ಬೇರೆ ದಾರಿ ಇರಲಿಲ್ಲ, ಶುರು ಮಾಡಿದೆ. ಆಮೇಲೆ ನೋಡಿದರೆ ಕೆಲವು ಮಕ್ಕಳು ನನ್ನ ಕೋಣೆಗಿಂತ ಫೋನಿನಲ್ಲೇ ಚೆನ್ನಾಗಿ ಮಾತಾಡುತ್ತಿದ್ದರು. ಕ್ಯಾಮೆರಾ ಆಫ್ ಮಾಡಿ, ಗೋಡೆ ಕಡೆ ಮುಖ ಮಾಡಿ ಮಲಗಿಕೊಂಡು ಮಾತಾಡಿದವರಿದ್ದಾರೆ. ಹದಿನಾರರ ವಯಸ್ಸಿನಲ್ಲಿ ದೊಡ್ಡವರ ಕಣ್ಣು ನೋಡಿಕೊಂಡು ಅಳುವುದು ಸುಲಭ ಅಲ್ಲ, ಅಲ್ವಾ?

ಬರೀ ನನ್ನ ಅನುಭವವನ್ನು ನಂಬಿ ಅಂತ ಹೇಳುತ್ತಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು ಸ್ಪಾರ್ಕ್ಸ್ ಎಂಬ ಕಂಪ್ಯೂಟರ್ ಆಟ ಮಾಡಿದ್ದಾರೆ. ಅದರಲ್ಲಿ ಮಂಕು ಯೋಚನೆಗಳು ಗುಂಗುರುಗಳ ಹಾಗೆ ಹಾರಿ ಬರುತ್ತವೆ, ಮಕ್ಕಳು ಅವನ್ನು ಗುರುತಿಸಿ ಹೊಡೆಯಬೇಕು. ಆಟದ ಒಳಗಿರುವುದು ನಾವು ಕೋಣೆಯಲ್ಲಿ ಹೇಳಿಕೊಡುವ ಸಿಬಿಟಿಯೇ, ಅಂದರೆ ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ. 12ರಿಂದ 19 ವರ್ಷದ 187 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದುರಾಬದುರು ಕೂತು ಮಾಮೂಲಿ ಕೌನ್ಸೆಲಿಂಗ್ ಪಡೆದವರಿಗಿಂತ ಆಟ ಆಡಿದವರ ಫಲಿತಾಂಶ ಕಡಿಮೆ ಇರಲಿಲ್ಲ. ಅವರೂ ಹೆಚ್ಚಾಗಿ ನಿಮ್ಮ ಮಗಳ ಹಾಗೆ ಸೌಮ್ಯ ಅಥವಾ ಮಧ್ಯಮ ಮಟ್ಟದ ಡಿಪ್ರೆಶನ್ ಇದ್ದವರು. ಆದರೆ ಒಂದು ಮಾತು. ಆಪ್ ಹಾಕಿಕೊಟ್ಟು "ನೀನೇ ಮಾಡ್ಕೋ" ಅಂತ ಬಿಟ್ಟರೆ ಮಕ್ಕಳು ಅರ್ಧಕ್ಕೇ ಕೈಬಿಡುವುದು ಜಾಸ್ತಿ. ವಾರಕ್ಕೊಮ್ಮೆ ಒಬ್ಬ ಮನುಷ್ಯ ಸಿಕ್ಕಿ "ಹೋದ ವಾರ ಹೇಳಿದ್ದು ಏನಾಯ್ತು?" ಅಂತ ಕೇಳಬೇಕು. ಚಾಟ್‌ಬಾಟ್‌ಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ರಾತ್ರಿ ಹೊತ್ತು ಬರೆದುಕೊಳ್ಳಲು ಒಂದು ಜಾಗ ಬೇಕು ಅಂದರೆ ಸರಿ, ಚಿಕಿತ್ಸೆ ಅಂತ ಅದನ್ನು ನೆಚ್ಚಬೇಡಿ.

ಆ ಮುಕ್ಕಾಲು ಗಂಟೆಯಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾದರೆ ನಿಮಗೂ ಸ್ವಲ್ಪ ಸಮಾಧಾನ ಆಗಬಹುದು. ಬುದ್ಧಿಮಾತು ಹೇಳುವುದಿಲ್ಲ, ಅದು ನಿಮ್ಮ ಮನೆಯಲ್ಲೇ ಬೇಕಾದಷ್ಟು ಆಗಿರುತ್ತದೆ. ಉದಾಹರಣೆಗೆ, ಗೆಳತಿಗೆ ಮೆಸೇಜ್ ಕಳಿಸಿದಳು, ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ. "ನಾನಂದ್ರೆ ಯಾರಿಗೂ ಬೇಡ" ಅಂತ ತಲೆಗೆ ಬಂತು. ಅವತ್ತು ಊಟ ಬಿಟ್ಟಳು, ಮಾರನೇ ದಿನ ಕಾಲೇಜು ಬಿಟ್ಟಳು. ನಾವು ಅದನ್ನು ಅವಳ ಕೈಯಲ್ಲೇ ಬರೆಸುತ್ತೇವೆ. ನಡೆದದ್ದು ಎಷ್ಟು, ತಲೆ ಸೇರಿಸಿದ್ದು ಎಷ್ಟು? ಗೆಳತಿ ಉತ್ತರ ಕೊಡದೇ ಇರುವುದಕ್ಕೆ ಬೇರೆ ಏನೇನು ಕಾರಣ ಇರಬಹುದು? ಎರಡನೆಯದು, ಚಿಕ್ಕ ಚಿಕ್ಕ ಕೆಲಸಗಳು. ಡಿಪ್ರೆಶನ್‌ನಲ್ಲಿ "ಮನಸ್ಸು ಬಂದ ಮೇಲೆ ಮಾಡ್ತೀನಿ" ಅಂತ ಕಾಯುತ್ತಾ ಕೂತರೆ ಮನಸ್ಸು ಬರುವುದೇ ಇಲ್ಲ. ಮೊದಲು ಕೈ ಕೆಲಸ ಶುರು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಬೆಳಿಗ್ಗೆ ಹತ್ತು ನಿಮಿಷ ತೋಟದ ತುದಿಯವರೆಗೆ ಹೋಗಿಬರುವುದು, ಬಿಟ್ಟಿದ್ದ ಶಟಲ್ ಬ್ಯಾಟ್ ಮತ್ತೆ ಹಿಡಿಯುವುದು, ಇಂಥವೇ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದಂತೆ ಆಗಿರುವವಳಿಗೆ ಆ ಹತ್ತು ನಿಮಿಷ ದೊಡ್ಡದು. ಅವಳು ಹೋಗಿಬಂದಾಗ "ಇವತ್ತಾದ್ರೂ ಎದ್ಯಲ್ಲ" ಅಂತ ಮಾತ್ರ ಹೇಳಬೇಡಿ.

ಯಾರ ಹತ್ತಿರ ಮಾಡಿಸುವುದು ಅನ್ನುವುದು ಮುಖ್ಯ. ಕೌನ್ಸೆಲರ್, ಲೈಫ್ ಕೋಚ್ ಅಂತ ಬೋರ್ಡ್ ಹಾಕಿಕೊಂಡವರಲ್ಲಿ ನಾಲ್ಕು ದಿನದ ಕೋರ್ಸ್ ಮಾಡಿದವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರಬೇಕು. ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರು ನಿಮಗೆ ಬೇಡ. ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡಿದ್ದೀರಾ, ಫೀಸ್ ಎಷ್ಟು, ಒಂದು ವಾರ ತಪ್ಪಿದರೆ ಏನು, ರಾತ್ರಿ ಅವಳಿಗೆ ತೀರಾ ಕಷ್ಟ ಆದರೆ ಯಾರಿಗೆ ಫೋನ್ ಮಾಡಬೇಕು, ಇವೆಲ್ಲ ಮೊದಲೇ ಕೇಳಿಕೊಳ್ಳಿ. ಸುಲಭದ ದಾರಿ ಇನ್ನೊಂದಿದೆ. ಶಿವಮೊಗ್ಗದ ನಿಮ್ಮ ಡಾಕ್ಟರನ್ನೇ ಕೇಳಿ, ಅವರ ಜೊತೆ ಕೆಲಸ ಮಾಡುವ ಸೈಕಾಲಜಿಸ್ಟ್ ವಿಡಿಯೊದಲ್ಲಿ ಸಿಗುತ್ತಾರಾ ಅಂತ. ಒಂದು ಸಲ ಮುಖಾಮುಖಿ ನೋಡಿ ಆಮೇಲೆ ಫೋನಿನಲ್ಲಿ ಮುಂದುವರಿಸಿದರೆ ಎಲ್ಲಕ್ಕಿಂತ ಒಳ್ಳೆಯದು.

ಭಾಷೆ ಮರೆಯಬೇಡಿ. ದೊಡ್ಡ ಆಪ್‌ಗಳಲ್ಲಿ ಸಿಗುವವರು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ ಮಾತಾಡುತ್ತಾರೆ. ನಿಮ್ಮ ಮಗಳಿಗೆ ಇಂಗ್ಲಿಷ್ ಬರುತ್ತದೆ, ಸರಿ. ಆದರೆ ಅಳು ಯಾವ ಭಾಷೆಯಲ್ಲಿ ಬರುತ್ತದೆ? "ಬೇಜಾರು" ಅನ್ನುವ ಒಂದು ಪದ ತೆಗೆದುಕೊಳ್ಳಿ. ಕೆಲಸವಿಲ್ಲದೆ ಹೊತ್ತು ಹೋಗದಿದ್ದರೂ ಬೇಜಾರು. ಅಜ್ಜ ತೀರಿಕೊಂಡರೂ ಬೇಜಾರು. ಗೆಳತಿ ಚುಚ್ಚಿ ಮಾತಾಡಿದರೂ ಬೇಜಾರು. ಮಗು "ಬೇಜಾರಾಗ್ತಿದೆ" ಅಂದಾಗ ಯಾವ ಬೇಜಾರು ಅಂತ ಮುಖ ನೋಡಿ, ದನಿ ಕೇಳಿ ತಿಳಿಯಬೇಕು. ಅದನ್ನು ಅವಳು ಇಂಗ್ಲಿಷಿಗೆ ತಿರುಗಿಸಿ "ಬೋರ್" ಅಂದುಬಿಟ್ಟರೆ ಕೇಳುವವರು ಹಾಬಿ ಕ್ಲಾಸಿಗೆ ಸೇರಿಸಿ ಅನ್ನುತ್ತಾರೆ. "ಸಾಕಾಗಿದೆ" ಇನ್ನೂ ಕಷ್ಟದ ಪದ. ಟ್ಯೂಷನ್ ಸಾಕಾಗಿದೆಯೋ, ಬದುಕೇ ಸಾಕಾಗಿದೆಯೋ? ಅದನ್ನು ನಾನು ಯಾವತ್ತೂ ಹಾಗೇ ಬಿಡುವುದಿಲ್ಲ. "ಏನು ಸಾಕಾಗಿದೆ ಮಗಾ?" ಅಂತ ಕೇಳಿಯೇ ಮುಂದೆ ಹೋಗುತ್ತೇನೆ. ನೀವೂ ಕೇಳಬಹುದು.

ಆಪ್ ಬಳಸುವುದೇ ಆದರೆ ಅವಳ ಮಾತು ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಅಮೆರಿಕದ ಬೆಟರ್‌ಹೆಲ್ಪ್ ಆನ್‌ಲೈನ್ ಥೆರಪಿಯ ದೊಡ್ಡ ಹೆಸರು. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನಾಪ್‌ಚಾಟ್‌ಗಳ ಜೊತೆ ಹಂಚಿಕೊಂಡಿತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2023ರಲ್ಲಿ ಕಂಪನಿ 78 ಲಕ್ಷ ಡಾಲರ್ ಕೊಡಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು. ಅಷ್ಟು ದೊಡ್ಡವರದ್ದೇ ಹೀಗೆ. ಯಾವುದೋ ಹೊಸ ಆಪಿನಲ್ಲಿ ಪ್ರಶ್ನೆಪಟ್ಟಿ ತುಂಬುವ ಮೊದಲು ಒಂದು ಕ್ಷಣ ನಿಲ್ಲಿ. ಮಾಮೂಲಿ ವಿಡಿಯೊ ಕಾಲ್‌ನಲ್ಲೂ ರೆಕಾರ್ಡ್ ಮಾಡುವುದಿಲ್ಲ ಅಂತ ಎರಡೂ ಕಡೆ ಒಪ್ಪಿಕೊಳ್ಳಬೇಕು, ನೀವೂ ಸೇರಿದಂತೆ.

ಫೋನಿನಲ್ಲಿ ನನಗೆ ಕಾಣದೇ ಇರುವುದೂ ಇದೆ. ಕತ್ತಿನಿಂದ ಕೆಳಗೆ ಏನೂ ಕಾಣುವುದಿಲ್ಲ. ಬಟ್ಟೆ ಸಡಿಲವಾಗುವಷ್ಟು ತೂಕ ಇಳಿದಿದೆಯಾ, ಸೆಕೆಯಲ್ಲೂ ಉದ್ದ ತೋಳಿನ ಬಟ್ಟೆ ಹಾಕಿಕೊಂಡು ಕೈ ಮುಚ್ಚಿಕೊಳ್ಳುತ್ತಿದ್ದಾಳಾ, ಇದನ್ನೆಲ್ಲ ನೀವೇ ನೋಡಬೇಕು. ಕೈ ಮೇಲೆ ಗಾಯದ ಗುರುತು ಕಂಡರೆ, ಊಟ ನೀರು ಪೂರ್ತಿ ಬಿಟ್ಟರೆ, ಯಾರೋ ಮಾತಾಡಿದ್ದು ತನಗೆ ಮಾತ್ರ ಕೇಳಿಸುತ್ತದೆ ಎಂದರೆ, ಒಂದೆರಡು ದಿನ ನಿದ್ದೆಯೇ ಇಲ್ಲದೆ ವಿಪರೀತ ಹುರುಪಿನಲ್ಲಿ ಓಡಾಡಿದರೆ, ಸಾಯುವ ಮಾತಾಡಿದರೆ ಆನ್‌ಲೈನ್ ಸಾಲದು. ಅವತ್ತೇ ಆಸ್ಪತ್ರೆಗೆ ಹೊರಡಿ, ಕೊನೆಕೊಯ್ಲು ನಿಂತರೂ ಪರವಾಗಿಲ್ಲ.

ಸಾಯುವ ಮಾತನ್ನು ನೀವೇ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. "ಬದುಕಿರೋದೇ ಬೇಡ ಅಂತ ಯಾವಾಗಾದ್ರೂ ಅನ್ನಿಸುತ್ತಾ?" ಅಂತ ಒಬ್ಬಳೇ ಇರುವಾಗ ಮೆತ್ತಗೆ ಕೇಳಿ. ಹೌದು ಅಂದರೆ ಬೈಯಬೇಡಿ, ಅತ್ತು ಹೆದರಿಸಬೇಡಿ, "ಹೇಳಿದ್ದು ಒಳ್ಳೇದಾಯ್ತು" ಅನ್ನಿ, ಅವಳನ್ನು ಒಬ್ಬಳೇ ಬಿಡಬೇಡಿ. ಇಲ್ಲ ಅಂದರೂ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮದು ತೋಟದ ಮನೆ. ಗಿಡಕ್ಕೆ ಹೊಡೆಯುವ ಔಷಧಿ, ಕಳೆನಾಶಕ ಎಲ್ಲಿಟ್ಟಿದ್ದೀರಿ? ಕೊಟ್ಟಿಗೆಯ ಮೂಲೆಯಲ್ಲೋ ಜಗಲಿಯ ಕೆಳಗೋ ಇದ್ದರೆ ಎತ್ತಿ ಬೀಗ ಹಾಕಿ, ಕೀಲಿ ಯಜಮಾನರ ಹತ್ತಿರ ಇರಲಿ. ಅಜ್ಜ ಅಜ್ಜಿಯ ಮಾತ್ರೆ ಡಬ್ಬಿಯೂ ಹಾಗೆಯೇ. ಇದನ್ನು ಅವಳಿಗೆ ಹೇಳಿ ಮಾಡಬೇಕಾಗಿಲ್ಲ, ಸದ್ದಿಲ್ಲದೆ ಮಾಡಿ.

ಒಂದು ನಂಬರ್ ಬರೆದಿಟ್ಟುಕೊಳ್ಳಿ: 14416. ಇದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವಳೂ ಮಾಡಬಹುದು, ರಾತ್ರಿ ಗಾಬರಿಯಾದರೆ ನೀವೂ ಮಾಡಬಹುದು. ವಾರ ವಾರ ಒಬ್ಬರೇ ಸಿಕ್ಕಿ ಚಿಕಿತ್ಸೆ ಮುಂದುವರಿಸುವುದಕ್ಕೆ ಇದು ಬದಲಿ ಅಲ್ಲ. ಮಧ್ಯೆ ಕಷ್ಟ ಬಂದಾಗ ಹಿಡಿದುಕೊಳ್ಳಲು ಒಂದು ಕೈ, ಅಷ್ಟೇ. ಹಾಗೆಯೇ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು. ನಿಮ್ಮಲ್ಲಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಗೊತ್ತಾದರೆ ಅಷ್ಟು ದಾರಿ ಉಳಿಯಿತು. ಹೋದಾಗ ರಕ್ತಪರೀಕ್ಷೆಯೂ ಮಾಡಿಸಿ, ಆಗಿಲ್ಲದಿದ್ದರೆ. ನಮ್ಮ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಿಮೋಗ್ಲೋಬಿನ್ ಕಮ್ಮಿ ಇದ್ದರೂ, ಥೈರಾಯ್ಡ್ ಏರುಪೇರಾದರೂ ಸುಸ್ತು, ಮಂಕು ಬರುತ್ತದೆ.

ಇನ್ನು ಮನೆಯ ಏರ್ಪಾಡು. ವಾರದಲ್ಲಿ ಒಂದು ದಿನ, ಒಂದೇ ಹೊತ್ತು ಗೊತ್ತು ಮಾಡಿ. ಆಳುಗಳು ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂರುವ ಹೊತ್ತು ಬೇಡ. ಎಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಉಪ್ಪರಿಗೆಯ ಕಿಟಕಿ ಹತ್ತಿರ ಮಾತ್ರ ಸಿಗುತ್ತದೆ ಅಂದರೆ ಅಲ್ಲೇ ಕೂರಲಿ, ಉಳಿದವರು ಕೆಳಗಿರಿ. ಇಯರ್‌ಫೋನ್ ಕೊಡಿಸಿ, ಆಗ ಕೌನ್ಸೆಲರ್ ಮಾತಂತೂ ಯಾರಿಗೂ ಕೇಳಿಸುವುದಿಲ್ಲ. ಕರೆಂಟ್ ಹೋಗಿ ವಿಡಿಯೊ ನಿಂತರೆ ಮಾಮೂಲಿ ಫೋನ್ ಕಾಲ್‌ನಲ್ಲಿ ಮುಂದುವರಿಸುವುದು ಅಂತ ಮೊದಲೇ ಮಾತಾಡಿಕೊಂಡಿರಿ. ನನ್ನ ಎಷ್ಟೋ ಒಳ್ಳೆಯ ಸೆಷನ್‌ಗಳು ಬರೀ ದನಿಯಲ್ಲೇ ನಡೆದಿವೆ. ಇನ್ನೊಂದು ಮಾತು, ಯಜಮಾನರಿಗೆ. ಮಾರ್ಕ್ಸ್ ಕಮ್ಮಿ ಬಂತು, ಎದುರು ಮಾತಾಡಿದಳು ಅಂತ ಸಿಟ್ಟಿನಲ್ಲಿ ಫೋನ್ ಕಿತ್ತಿಟ್ಟರೂ ಆ ಮುಕ್ಕಾಲು ಗಂಟೆಗೆ ಫೋನ್ ಅವಳ ಕೈಗೆ ಕೊಡಲೇಬೇಕು. ಕೌನ್ಸೆಲಿಂಗ್ ಬಹುಮಾನವೂ ಅಲ್ಲ, ಶಿಕ್ಷೆಯೂ ಅಲ್ಲ. ರಾತ್ರಿ ಫೋನ್ ಬೇಡ ಅನ್ನುವ ನಿಯಮ ಮಾಡುವುದಾದರೆ ಮನೆಯವರೆಲ್ಲರ ಫೋನೂ ಹತ್ತು ಗಂಟೆಗೆ ನಡುಮನೆಯ ಮೇಜಿನ ಮೇಲೆ ಬರಲಿ, ಯಜಮಾನರದ್ದೂ.

"ಜನ ಏನಂತಾರೆ" ಅಂತ ನೀವು ಕೇಳಿಲ್ಲ, ಆದರೂ ಆ ಯೋಚನೆ ಇದ್ದೇ ಇರುತ್ತದೆ. ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ಮಕ್ಕಳಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅಂದರೆ 60 ಮಕ್ಕಳ ಕ್ಲಾಸಿನಲ್ಲಿ ನಾಲ್ಕು ಜನ. ನಿಮ್ಮ ಮಗಳ ಬೆಂಚಿನ ಹಿಂದೆಯೇ ಇನ್ನೊಬ್ಬಳು ಇರಬಹುದು, ಅವಳ ಅಮ್ಮ ಶಿವಮೊಗ್ಗಕ್ಕೂ ಕರೆದುಕೊಂಡು ಹೋಗಿರಲಿಕ್ಕಿಲ್ಲ.

ಆರು ವಾರ ಆದ ಮೇಲೆ, ಸುಧಾರಿಸಿದ ಹಾಗೆ ಕಂಡರೂ ಶಿವಮೊಗ್ಗಕ್ಕೆ ಹೋಗುವುದನ್ನು ತಪ್ಪಿಸಬೇಡಿ. ಆಗ ಡಾಕ್ಟರ್ ಮಾತ್ರೆ ಬೇಕು ಅಂದರೆ ಕೌನ್ಸೆಲಿಂಗ್ ಸೋತಿತು ಅಂತ ಅರ್ಥ ಅಲ್ಲ. ಅಮೆರಿಕದಲ್ಲಿ 439 ಹದಿಹರೆಯದ ಮಕ್ಕಳ ಮೇಲೆ ಮಾಡಿದ ದೊಡ್ಡ ಅಧ್ಯಯನ ಒಂದಿದೆ, 2004ರದ್ದು. ಅವರಿಗೆಲ್ಲ ಡಿಪ್ರೆಶನ್ ಮಧ್ಯಮದಿಂದ ತೀವ್ರ ಮಟ್ಟದಲ್ಲಿತ್ತು. ಫ್ಲುವೊಕ್ಸೆಟಿನ್ ಮಾತ್ರೆ ಮತ್ತು ಸಿಬಿಟಿ ಎರಡೂ ಸಿಕ್ಕವರಲ್ಲಿ 12 ವಾರಕ್ಕೆ ನೂರಕ್ಕೆ 71 ಮಂದಿ ಸುಧಾರಿಸಿದ್ದರು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ 61, ಬರೀ ಸಿಬಿಟಿಯಲ್ಲಿ 43. ಮಾತ್ರೆ ಶುರುವಾದರೆ ಮೊದಲ ಕೆಲವು ವಾರ ಅವಳ ಮೇಲೆ ಒಂದು ಕಣ್ಣು ಜಾಸ್ತಿಯೇ ಇರಲಿ. ಕೆಲವು ಮಕ್ಕಳಲ್ಲಿ ಆಗ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗುವುದುಂಟು, ತಕ್ಷಣ ಡಾಕ್ಟರಿಗೆ ಹೇಳಬೇಕು. ನೀವಾಗಿ ನೀವು ನಿಲ್ಲಿಸಬೇಡಿ.

ಆ ದಿನ ಯಜಮಾನರೂ ಬರಲಿ. ಒಂದು ದಿನದ ಕೆಲಸ ಹೋದರೆ ಹೋಗಲಿ. ಡಾಕ್ಟರ ಕೋಣೆಗೆ ಮೊದಲು ಅವಳೊಬ್ಬಳೇ ಹೋಗಲಿ, ನೀವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿರಿ. ಅವರು ಕರೆದಾಗ ಒಳಗೆ ಹೋದರಾಯಿತು.